ಕಾಣಿಕೆಯೋ, ಕೂಲಿಯೋ? — ಕ್ರೋಶಾ ಹೆಣಿಗೆಯ ಚರಿತ್ರೆಯಲ್ಲಿ ಒಂದು ವಿಚಾರ

೧

ಆರ್ಥಿಕ ಚರಿತ್ರೆಯನ್ನು ಬರೆಯುವವರು ಗಿರಣಿ, ರೈಲುಮಾರ್ಗ, ಕಂದಾಯ, ಬಂದರು ಇವುಗಳ ಲೆಕ್ಕಪತ್ರಗಳನ್ನು ಆಸ್ಥೆಯಿಂದ ಪರಿಶೀಲಿಸುತ್ತಾರೆ. ಮನೆಯ ಹಜಾರದಲ್ಲಿ ಕುಳಿತು ಹೆಂಗಸೊಬ್ಬಳು ಗೆಳತಿಗಾಗಿ ಹೆಣೆದ ಸಂಚಿಯಾಗಲಿ, ಅನಾಥಾಲಯದ ಸಹಾಯಾರ್ಥವಾಗಿ ಮಾಡಿಕೊಟ್ಟ ಕೂಸಿನ ಕುಲಾವಿಯಾಗಲಿ ಅವರ ಗಣನೆಗೆ ಬರುವುದು ವಿರಳ. ಅಂಥ ವಸ್ತುವಿಗೆ ಬೆಲೆಪಟ್ಟಿ ಇಲ್ಲ. ಅದನ್ನು ಮಾಡಿದವಳ ಹೆಸರು ಯಾವ ದಫ್ತರದಲ್ಲಿಯೂ ಇಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಅಲ್ಪ ವಸ್ತುಗಳ ಮಾರಾಟದಿಂದ ದೊಡ್ಡ ದೊಡ್ಡ ಚಳವಳಿಗಳು ನಡೆದವು. ಅದೇ ಕೈಕೆಲಸದಿಂದ ಕ್ಷಾಮಪೀಡಿತ ಸಂಸಾರಗಳು ಗಂಜಿ ಕಂಡವು. ಒಂದೇ ಕೊಕ್ಕೆ, ಒಂದೇ ನೂಲು, ಒಂದೇ ಕುಣಿಕೆ. ಒಂದೆಡೆ ಅದು ಕಾಣಿಕೆ, ಇನ್ನೊಂದೆಡೆ ಕೂಲಿ. ಈ ಎರಡರ ನಡುವಣ ಗೆರೆ ಎಲ್ಲಿದೆ, ಅದನ್ನು ಎಳೆದವರು ಯಾರು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

‘ಕ್ರೋಶಾ’ ಎಂಬುದು ಫ್ರೆಂಚ್ ಭಾಷೆಯ ಮಾತು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಎರಡು ಕಡ್ಡಿಗಳಿಂದ ಮಾಡುವ ಉಣ್ಣೆಯ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲವೂ ಏಕಕಾಲದಲ್ಲಿ ಕಡ್ಡಿಯ ಮೇಲೆ ನಿಂತಿರುತ್ತವೆ. ಕ್ರೋಶಾದಲ್ಲಿಯಾದರೋ ಸಾಮಾನ್ಯವಾಗಿ ಒಂದೇ ಕುಣಿಕೆ ಕೊಕ್ಕೆಯಲ್ಲಿರುತ್ತದೆ. ಉಳಿದವು ಆಗಲೇ ಬಿಗಿದು ಭದ್ರವಾಗಿರುತ್ತವೆ. ಆದುದರಿಂದ ಕೆಲಸವನ್ನು ಯಾವ ಕ್ಷಣದಲ್ಲಾದರೂ ಕೆಳಗಿಟ್ಟು ಒಲೆಯ ಬಳಿಗೋ ತೊಟ್ಟಿಲ ಬಳಿಗೋ ಹೋಗಿ ಬಂದು ಪುನಃ ಮುಂದುವರಿಸಬಹುದು. ಉಪಕರಣಕ್ಕೆ ಹೆಚ್ಚು ಖರ್ಚಿಲ್ಲ. ಐರ್ಲೆಂಡಿನ ಬಡ ಹೆಂಗಸರು ಹೊಲಿಗೆಯ ಸೂಜಿಯ ಕಣ್ಣನ್ನು ಅರದಿಂದ ಉಜ್ಜಿ ಕೊಕ್ಕೆ ಮಾಡಿ, ಅದಕ್ಕೆ ಮರದ ಹಿಡಿ ಸಿಕ್ಕಿಸಿಕೊಳ್ಳುತ್ತಿದ್ದರು. ಇವೆಲ್ಲಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದುಂಟು. ಕ್ರೋಶಾವನ್ನು ಹೋಲುವ ಬಟ್ಟೆಯನ್ನು ಯಂತ್ರಗಳು ತಯಾರಿಸಿದವೇ ಹೊರತು, ನಿಜವಾದ ಕ್ರೋಶಾ ಇಂದಿಗೂ ಕೈಯಿಂದಲೇ ಆಗಬೇಕು. ಪ್ರತಿಯೊಂದು ತುಂಡಿನ ಹಿಂದೆಯೂ ಒಬ್ಬ ವ್ಯಕ್ತಿಯ ಕಣ್ಣು, ಬೆರಳು ಮತ್ತು ಗಂಟೆಗಳು ಸಂದಿವೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಕಲೆಯ ಮೂಲವನ್ನು ಕುರಿತು ಮತಭೇದವುಂಟು. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ಸರಪಳಿಯಂತೆ ಕುಣಿಕೆ ಹಾಕುವ, ನಮ್ಮ ದೇಶದ ಆರಿ ಕಸೂತಿಯನ್ನು ಹೋಲುವ ಕೆಲಸ ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಬಳಕೆಗೆ ಬಂದಿತೆಂದೂ, ಬಟ್ಟೆಯನ್ನು ಬಿಟ್ಟು ಬರಿಯ ನೂಲಿನಲ್ಲಿಯೇ ಕುಣಿಕೆ ಹಾಕತೊಡಗಿದಾಗ ಕ್ರೋಶಾ ಹುಟ್ಟಿತೆಂದೂ ಕೆಲವರ ಅಭಿಪ್ರಾಯ. ಇಂದಿನ ಅರ್ಥದಲ್ಲಿ ಈ ಹೆಸರನ್ನು ಬಳಸಿ ವಿಧಾನವನ್ನು ಮೊದಲು ಅಚ್ಚುಮಾಡಿದ್ದು ೧೮೨೩ರಲ್ಲಿ, ‘ಪೆನೆಲೊಪೆ’ ಎಂಬ ಡಚ್ ಪತ್ರಿಕೆಯಲ್ಲಿ. ಅಲ್ಲಿನ ಬಣ್ಣದ ಚಿತ್ರದಲ್ಲಿ ಕಾಣುವುದು ಪರದೆಯಲ್ಲ, ಮೇಲುಹಾಸಲ್ಲ. ಐದು ಬಗೆಯ ಹಣದ ಸಂಚಿಗಳು. ಅವುಗಳಲ್ಲಿ ಮೂರನ್ನು ರೇಷ್ಮೆಯ ನೂಲಿನಿಂದ ಕ್ರೋಶಾ ಹೆಣೆಯಬೇಕೆಂದು ಸೂಚಿಸಿದೆ. ಅಚ್ಚಿನ ಚರಿತ್ರೆಯಲ್ಲಿ ಕ್ರೋಶಾ ಕಾಣಿಸಿಕೊಂಡದ್ದೇ ಇಂಥ ಕಿರುವಸ್ತುವಿನ ರೂಪದಲ್ಲಿ ಎಂಬುದು ಇಲ್ಲಿ ಸ್ಮರಣೀಯ. ೧೮೪೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾದರಿ ಪುಸ್ತಕಗಳು ಒಂದಾದ ಮೇಲೊಂದು ಹೊರಬಂದವು. ೧೮೪೬ರಲ್ಲಿ ಮೊದಲ ಪುಸ್ತಕವನ್ನು ಪ್ರಕಟಿಸಿದ ಎಲಿಯೊನೋರ್ ರಿಯೆಗೊ ದ ಲಾ ಬ್ರಾಂಶಾರ್ಡಿಯೇರ್ ಎಂಬಾಕೆ ಮುಂದೆ ಈ ವಿಷಯದಲ್ಲಿ ಹತ್ತಾರು ಪುಸ್ತಕಗಳನ್ನು ರಚಿಸಿದಳು. ಗಿರಣಿಯ ನಯವಾದ ಹತ್ತಿಯ ನೂಲು ಅಗ್ಗವಾಗಿ ದೊರೆಯತೊಡಗಿದುದರಿಂದ ಶ್ರೀಮಂತರ ವಿನೋದವಾಗಿದ್ದ ಹೆಣಿಗೆ ಮಧ್ಯಮ ವರ್ಗದ ಮನೆಗಳಿಗೂ ಇಳಿಯಿತು.

೩

ಈ ಮನೆಗಳಲ್ಲಿ ತಯಾರಾದ ಸಂಚಿ, ಸೂಜಿದಿಂಬು, ಗಡಿಯಾರದ ಚೀಲ, ಕೊರಳಪಟ್ಟಿಗಳು ಎಲ್ಲಿಗೆ ಹೋದವು? ಕೆಲವು ಆಪ್ತರಿಗೆ ಉಡುಗೊರೆಯಾಗಿ ಸಂದವು. ಉಳಿದವು ಧರ್ಮಾರ್ಥ ಬಜಾರುಗಳಿಗೆ ಹೋದವು. ಇಂಗ್ಲೆಂಡಿನಲ್ಲಿ ಈ ಬಜಾರುಗಳು ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಹಬ್ಬಿದವು. ಆಸ್ತಿಯ ಮೇಲೆ ಹಕ್ಕಿಲ್ಲದ, ಮತವಿಲ್ಲದ, ಸಭೆಯಲ್ಲಿ ಮಾತನಾಡಿದರೆ ನಿಂದೆಗೆ ಗುರಿಯಾಗುತ್ತಿದ್ದ ಸ್ತ್ರೀಯರಿಗೆ ತಮ್ಮದೆನ್ನಬಹುದಾದ ಸಂಪತ್ತು ಕೈಕೆಲಸವೊಂದೇ ಆಗಿತ್ತು. ಅದನ್ನು ಹಣವಾಗಿ ಪರಿವರ್ತಿಸುವ ಸ್ಥಳವೇ ಬಜಾರು. ೧೮೪೫ರ ಮೇ ತಿಂಗಳಲ್ಲಿ ಧಾನ್ಯದ ಸುಂಕವನ್ನು ವಿರೋಧಿಸುವ ಸಂಘದವರು ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ನಡೆಸಿದ ಬಜಾರಿನಿಂದ ಸುಮಾರು ೨೫,೦೦೦ ಪೌಂಡು ಸಂಗ್ರಹವಾಯಿತು. ಮರುವರ್ಷವೇ ಆ ಸುಂಕದ ಕಾನೂನುಗಳು ರದ್ದಾದವು.

ಇದಕ್ಕಿಂತಲೂ ಮಹತ್ತ್ವದ ನಿದರ್ಶನ ಅಮೆರಿಕದ ಬಾಸ್ಟನ್ ನಗರದ್ದು. ೧೮೩೪ರಲ್ಲಿ ಅಲ್ಲಿ ದಾಸ್ಯವಿರೋಧಿ ಸ್ತ್ರೀಯರು ಮೊದಲ ಬಾರಿಗೆ ನಡೆಸಿದ ಬಜಾರು ಮುಂದೆ ಮರಿಯ ವೆಸ್ಟನ್ ಚಾಪ್‌ಮನ್ ಎಂಬಾಕೆಯ ನೇತೃತ್ವದಲ್ಲಿ ವಾರ್ಷಿಕ ಪದ್ಧತಿಯಾಗಿ ಎರಡು ದಶಕಗಳಿಗೂ ಮೀರಿ ನಡೆಯಿತು. ಲೇಖನಿ ಒರಸುವ ಬಟ್ಟೆಯ ಮೇಲೆ ದಾಸ್ಯದ ಕಲೆಯನ್ನು ಒರಸಿಹಾಕಿರೆಂದೂ, ಸೂಜಿಯ ಪಟ್ಟಿಯ ಮೇಲೆ ನಮ್ಮ ಸೂಜಿಗಳು ದಾಸರ ಒಡೆಯರ ಮನಸ್ಸಾಕ್ಷಿಯನ್ನು ಚುಚ್ಚಲೆಂದೂ ಬರಹಗಳಿದ್ದವು. ಕ್ರಿಸ್ಮಸ್ ಮತ್ತು ಹೊಸ ವರ್ಷದ ಉಡುಗೊರೆಗಾಗಿ ಜನ ಇವನ್ನು ಕೊಳ್ಳುತ್ತಿದ್ದರು. ಹೀಗೆ ಒಂದೇ ವಸ್ತು ಎರಡು ಬಾರಿ ಕಾಣಿಕೆಯಾಗುತ್ತಿತ್ತು: ಮಾಡಿದವಳು ಚಳವಳಿಗೆ ಕೊಟ್ಟಳು, ಕೊಂಡವಳು ಗೆಳತಿಗೆ ಕೊಟ್ಟಳು. ನಡುವೆ ಉಳಿದ ಹಣ ದಾಸ್ಯವಿಮೋಚನೆಯ ಪ್ರಚಾರಕ್ಕೆ ಒದಗಿತು.

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ ಸ್ಥಾನದಲ್ಲಿತ್ತು. ಬಜಾರಿಗೆ ಲಾಭ ಬಂದುದು ಹೆಣೆದವಳ ದುಡಿಮೆಗೆ ಬೆಲೆ ಕಟ್ಟದಿದ್ದುದರಿಂದ. ಹತ್ತು ಗಂಟೆಯ ಕೆಲಸವನ್ನು ಆಕೆ ಸಂತೋಷದಿಂದ ಬಿಟ್ಟುಕೊಟ್ಟಳು. ನೂಲಿನ ಬೆಲೆಯನ್ನು ಕಳೆದು ಮಿಕ್ಕದ್ದೆಲ್ಲ ಧರ್ಮಕ್ಕೆ ಸಂದಿತು. ಆದರೆ ಅದೇ ಪೇಟೆಯಲ್ಲಿ ಹೊಲಿಗೆಯಿಂದ ಹೊಟ್ಟೆ ಹೊರೆಯುವ ಬಡ ಹೆಂಗಸರೂ ಇದ್ದರು. ದುಡಿಮೆಯ ಬೆಲೆಯಿಲ್ಲದ ವಸ್ತುಗಳು ರಾಶಿಯಾಗಿ ಬಂದು ಬೀಳುವುದರಿಂದ ಅವರ ಕೂಲಿ ಕುಗ್ಗುತ್ತದೆಂಬ ಆಕ್ಷೇಪವನ್ನು ಆ ಕಾಲದವರೇ ಎತ್ತಿದ್ದರು. ಥಾಮಸ್ ಹುಡ್ ಕವಿ ದರ್ಜಿಯ ಹೆಂಗಸಿನ ದುಃಸ್ಥಿತಿಯನ್ನು ಕುರಿತು ‘ದಿ ಸಾಂಗ್ ಆಫ್ ದಿ ಶರ್ಟ್’ ಎಂಬ ಪದ್ಯವನ್ನು ೧೮೪೩ರಲ್ಲಿ ಪ್ರಕಟಿಸಿದುದು ಇದೇ ವಾತಾವರಣದಲ್ಲಿ. ಇನ್ನೊಂದು ತೊಡಕೂ ಇತ್ತು. ಆ ಕಾಲದ ಲ್ಯಾಂಕಾಶೈರಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯ ಬಹುಭಾಗ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ದಾಸರು ಬೆಳೆದುದು. ದಾಸ್ಯವನ್ನು ಅಳಿಸಲೆಂದು ಹೆಣೆದ ಸಂಚಿಯ ನೂಲಿನಲ್ಲಿಯೇ ದಾಸ್ಯ ಸುತ್ತಿಕೊಂಡಿರಬಹುದಾಗಿತ್ತು. ಸ್ವತಂತ್ರ ಕೂಲಿಗಳು ಬೆಳೆದ ಹತ್ತಿಯನ್ನೇ ಬಳಸಬೇಕೆಂಬ ಚಳವಳಿ ಈ ಎಚ್ಚರದಿಂದಲೇ ಹುಟ್ಟಿತು.

೪

ಬಾಸ್ಟನ್ನಿನ ಬಜಾರಿಗೆ ಅಟ್ಲಾಂಟಿಕ್ ಸಾಗರದಾಚೆಯಿಂದಲೂ ಪೆಟ್ಟಿಗೆಗಳು ಬರುತ್ತಿದ್ದವು. ಹಾಗೆ ಕಳುಹಿಸಿದ ಊರುಗಳಲ್ಲಿ ಐರ್ಲೆಂಡಿನ ದಕ್ಷಿಣದ ಕಾರ್ಕ್ ನಗರವೂ ಒಂದು. ಅಲ್ಲಿಯ ದಾಸ್ಯವಿರೋಧಿ ಸ್ತ್ರೀಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬಳಾದ ಇಸಬೆಲ್ ಜೆನಿಂಗ್ಸ್ ಈ ವಸ್ತುಗಳನ್ನು ಕೂಡಿಸುವುದರಲ್ಲಿ ಶ್ರಮಿಸಿದಳು. ದಾಸ್ಯದಿಂದ ತಪ್ಪಿಸಿಕೊಂಡು ಬಂದು ಜಗತ್ಪ್ರಸಿದ್ಧನಾದ ಫ್ರೆಡರಿಕ್ ಡಗ್ಲಸ್ ೧೮೪೫ರ ಅಕ್ಟೋಬರಿನಲ್ಲಿ ಕಾರ್ಕಿಗೆ ಬಂದಾಗ ತಂಗಿದ್ದು ಈ ಜೆನಿಂಗ್ಸ್ ಮನೆತನದವರ ಮನೆಯಲ್ಲಿ. ಅದೇ ಶರತ್ಕಾಲದಲ್ಲಿ ಐರ್ಲೆಂಡಿನ ಹೊಲಗಳಲ್ಲಿ ಆಲೂಗಡ್ಡೆಯ ಬೆಳೆಗೆ ಕೊಳೆರೋಗ ತಗುಲಿತ್ತು.

ಮುಂದಿನ ವರ್ಷಗಳ ಕಥೆ ಸುವಿದಿತ. ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು; ಅಷ್ಟೇ ಜನ ದೇಶ ಬಿಟ್ಟರು. ೧೮೪೧ರ ಜನಗಣತಿಯಲ್ಲಿ ಸುಮಾರು ೮೨ ಲಕ್ಷವಿದ್ದ ಜನಸಂಖ್ಯೆ ೧೮೫೧ರಲ್ಲಿ ಸುಮಾರು ೬೫.೫ ಲಕ್ಷಕ್ಕೆ ಇಳಿಯಿತು. ಈ ವಿಪತ್ತಿನಲ್ಲಿ ಕಾರ್ಕಿನ ಬಳಿಯ ಬ್ಲ್ಯಾಕ್‌ರಾಕ್‌ನ ಅರ್ಸುಲಿನ್ ಸಂನ್ಯಾಸಿನಿಯರು, ಇತರ ಮಠಗಳವರು ಮತ್ತು ಊರಿನ ಗಣ್ಯ ಸ್ತ್ರೀಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಉತ್ತರದ ಮೊನಹನ್ ಜಿಲ್ಲೆಯ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕಸಾಂಡ್ರ ಹ್ಯಾಂಡ್ ೧೮೪೭ರಲ್ಲಿ ಈ ಕೆಲಸವನ್ನು ಆರಂಭಿಸಿದಳು. ಸೂಜಿಯಿಂದ ಮಾಡುವ ವೆನಿಸ್ ನಗರದ ಬೆಲೆಬಾಳುವ ಲೇಸನ್ನು ಕೊಕ್ಕೆಯಿಂದ ಅನುಕರಿಸಿದರೆ ಕೆಲಸ ಹಲವು ಪಟ್ಟು ಬೇಗ ಸಾಗುತ್ತದೆ ಎಂಬುದನ್ನು ಇವರು ಕಂಡುಕೊಂಡರು. ಗುಲಾಬಿ, ಮೂರೆಲೆಯ ಸೊಪ್ಪು, ದ್ರಾಕ್ಷಿಯ ಗೊಂಚಲು ಮೊದಲಾದವನ್ನು ದಪ್ಪ ಹುರಿಯ ಮೇಲೆ ಉಬ್ಬುವಂತೆ ಹೆಣೆದು, ಅನಂತರ ಸಣ್ಣ ಗಂಟುಗಳ ಜಾಲದಿಂದ ಜೋಡಿಸುವುದು ಇಲ್ಲಿನ ಕ್ರಮ. ಒಬ್ಬಳು ಹೂವನ್ನಷ್ಟೇ, ಮತ್ತೊಬ್ಬಳು ಎಲೆಯನ್ನಷ್ಟೇ ಹೆಣೆಯುವಳು, ಜೋಡಿಸುವವಳು ಬೇರೊಬ್ಬಳು. ತಮ್ಮ ಮನೆತನದ ಮಾದರಿಯನ್ನು ನೆರೆಯವರಿಗೆ ತೋರದೆ ಬಚ್ಚಿಡುವ ಪದ್ಧತಿಯೂ ಬೆಳೆಯಿತು.

ಇಲ್ಲಿ ಹೆಣಿಗೆಯ ಅರ್ಥವೇ ಬದಲಾಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಜಾರಿಗಾಗಿ ಹೆಣೆಯುತ್ತಿದ್ದ ಕಾರ್ಕಿನ ಮಹಿಳೆಗೆ ಬೇಡವೆನಿಸಿದರೆ ಕೊಕ್ಕೆಯನ್ನು ಕೆಳಗಿಡುವ ಸ್ವಾತಂತ್ರ್ಯವಿತ್ತು. ಗುಡಿಸಲಿನ ಹುಡುಗಿಗೆ ಅದಿರಲಿಲ್ಲ; ದೀಪದ ಮಂದಪ್ರಕಾಶದಲ್ಲಿ ಆಕೆ ಹೆಣೆದ ಗುಲಾಬಿಯ ಸಂಖ್ಯೆಯ ಮೇಲೆ ಮನೆಯ ಅಂದಿನ ಊಟ ನಿಂತಿತ್ತು. ಆದರೂ ಈ ಕೂಲಿ ಆಕೆಗೆ ಒಂದು ಬಗೆಯ ಶಕ್ತಿಯನ್ನೂ ಕೊಟ್ಟಿತು. ಅನೇಕ ಸಂಸಾರಗಳಲ್ಲಿ ಗಂಡಸರಿಗೆ ಕೆಲಸವಿಲ್ಲದಾಗ ದುಡಿದವಳು ಮಗಳು. ಹಡಗಿನ ಕೇವು ಕೊಡಲು ಒದಗಿದ್ದೂ ಹಲವೊಮ್ಮೆ ಈ ಲೇಸಿನ ಹಣವೇ. ಕಾರ್ಕಿನಲ್ಲಿ ಇಂಥ ಶಾಲೆಯೊಂದರಲ್ಲಿ ದುಡಿದ ಶ್ರೀಮತಿ ಮೆರೆಡಿತ್ ೧೮೬೫ರಲ್ಲಿ ಲೇಸು ಹೆಣೆಯುವವರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದಳು.

ಪರೋಪಕಾರದ ಆಶ್ರಯದಲ್ಲಿ ಹುಟ್ಟಿದ ಈ ಉದ್ಯಮಕ್ಕೆ ಒಂದು ಆಂತರಿಕ ದೋಷವಿತ್ತು. ಆರಂಭದಲ್ಲಿ ಜನ ಅದನ್ನು ಕೊಂಡದ್ದು ಭಾಗಶಃ ಕರುಣೆಯಿಂದ. ಕರುಣೆ ತಣ್ಣಗಾದಂತೆ ಬೇಡಿಕೆಯೂ ತಗ್ಗಿತು. ಅವಸರದ ಕೆಲಸದಿಂದ ಮಾದರಿಗಳು ಕಳೆಗುಂದಿದವು. ೧೮೮೩ರ ಕಾರ್ಕ್ ಪ್ರದರ್ಶನದ ಸುಮಾರಿಗೆ ಮಾದರಿಗಳನ್ನು ಸುಧಾರಿಸುವ ಯತ್ನ ನಡೆಯಿತು. ೧೮೮೬ರಲ್ಲಿ ಲೇಡಿ ಅಬರ್ಡೀನ್ ಐರಿಷ್ ಕೈಗಾರಿಕೆಗಳ ಸಂಘವನ್ನು ಸ್ಥಾಪಿಸಿ ಮಾರುಕಟ್ಟೆಯನ್ನು ವಿಸ್ತರಿಸಿದಳು. ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್ ಮೊದಲಾದ ಕಡೆ ಯಂತ್ರದಿಂದ ಕಸೂತಿ ಹಾಕಿ ಕೆಳಗಿನ ಬಟ್ಟೆಯನ್ನು ರಾಸಾಯನಿಕದಿಂದ ಕರಗಿಸುವ ವಿಧಾನ ರೂಢಿಗೆ ಬಂದು, ಐರಿಷ್ ಕ್ರೋಶಾದ ನಕಲು ಅಗ್ಗವಾಗಿ ಸಿಗತೊಡಗಿತು. ಮೊದಲ ಮಹಾಯುದ್ಧದ ಅನಂತರ ಉಡುಪಿನ ರೀತಿಯೂ ಬದಲಾಗಿ ಉದ್ಯಮ ಕ್ಷೀಣಿಸಿತು.

೫

ಇದು ದೂರದ ದ್ವೀಪವೊಂದರ ಮುಗಿದ ಕಥೆಯೆಂದು ಭಾವಿಸುವಂತಿಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಪ್ರದೇಶಕ್ಕೂ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಬಡ ಹೆಣ್ಣುಮಕ್ಕಳ ಜೀವನೋಪಾಯವಾಗಿ ಈ ಕೈಕೆಲಸ ಬಂದಿತು. ಕಾಲಕ್ರಮದಲ್ಲಿ ಅದು ಮಿಷನ್ನಿನ ಕೈಯಿಂದ ವ್ಯಾಪಾರಿಗಳ ಕೈಗೆ ಹೋಗಿ, ವಿದೇಶಗಳಿಗೆ ರಫ್ತಾಗುವ ಉದ್ಯಮವಾಯಿತು. ಜರ್ಮನ್ ವಿದುಷಿ ಮರಿಯ ಮೀಸ್ ಇಲ್ಲಿನ ಹೆಂಗಸರ ಸ್ಥಿತಿಯನ್ನು ಅಭ್ಯಸಿಸಿ ೧೯೮೨ರಲ್ಲಿ ಒಂದು ಗ್ರಂಥವನ್ನು ಹೊರತಂದಳು. ದಲ್ಲಾಳಿ ನೂಲು ಕೊಟ್ಟು ಹೆಣೆದ ಕೆಲಸದ ಮೇಲೆ ಕೂಲಿ ಕೊಡುವ ಕ್ರಮ, ಹೂ ಹೆಣೆಯುವವರು ಬೇರೆ ಜೋಡಿಸುವವರು ಬೇರೆ ಎಂಬ ವಿಭಾಗ—ಇವೆಲ್ಲ ಕ್ಲೋನ್ಸ್ ಊರನ್ನು ನೆನಪಿಗೆ ತರುತ್ತವೆ. ಆಕೆಯ ಮುಖ್ಯ ನಿರ್ಣಯ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಈ ಹೆಂಗಸರು ದಿನವೂ ಹಲವು ಗಂಟೆ ದುಡಿಯುತ್ತಿದ್ದರೂ, ಗೃಹಿಣಿಯರು ಬಿಡುವಿನ ವೇಳೆಯಲ್ಲಿ ಕೈಗೊಳ್ಳುವ ಹವ್ಯಾಸವೆಂದೇ ಆ ದುಡಿಮೆಯನ್ನು ಕರೆಯುತ್ತಿದ್ದರು, ಆ ಹೆಸರಿನ ಬಲದಿಂದಲೇ ಅವರ ಕೂಲಿ ಬಹಳ ಕೆಳಮಟ್ಟದಲ್ಲಿ ಉಳಿಯಿತು. ಮನೆಯ ಹೊಸಿಲು ದಾಟದೆ ಮಾಡುವ ಕೆಲಸವೆಂಬ ಗೌರವಕ್ಕೂ ಹೆಂಗಸರೇ ಬೆಲೆ ತೆತ್ತರು. ಕಾಣಿಕೆಯ ಭಾಷೆ ಕೂಲಿಯ ಲೆಕ್ಕದೊಳಗೆ ಹೊಕ್ಕು ಅದನ್ನು ಕುಗ್ಗಿಸಿದ ಸ್ಪಷ್ಟ ನಿದರ್ಶನವಿದು. ೨೦೨೪ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದು ಹೆಸರಿಗೆ ಸಂದ ರಕ್ಷಣೆ. ಆ ಹೆಸರಿನ ಫಲ ಬೆರಳುಗಳಿಗೆ ಎಷ್ಟು ಮುಟ್ಟುತ್ತದೆ ಎಂಬುದನ್ನು ಬೇರೆಯಾಗಿ ಅಳೆಯಬೇಕು.

ಕಾಣಿಕೆಯ ಧಾರೆಯೂ ಬತ್ತಿಲ್ಲ. ೨೦೧೬ರ ಜನವರಿಯಲ್ಲಿ ಚೆನ್ನೈ ನಗರದಲ್ಲಿ ದೇಶದ ನಾನಾ ಭಾಗಗಳ ಸ್ತ್ರೀಯರು ಹೆಣೆದು ಕೂಡಿಸಿದ ಕ್ರೋಶಾ ಕಂಬಳಿ ೧೧,೧೪೮.೫ ಚದರ ಮೀಟರು ವಿಸ್ತಾರದಿಂದ ವಿಶ್ವದಾಖಲೆಯಾಯಿತು. ಅನಂತರ ಅದನ್ನು ಬಿಡಿಸಿ, ಬಡವರಿಗೆ ಹೊದಿಕೆಗಳಾಗಿ ಹಂಚುವ ಸಂಕಲ್ಪದಿಂದಲೇ ಅದು ಹುಟ್ಟಿತ್ತು. ನಮ್ಮ ನಾಡಿನ ಮನೆಗಳಲ್ಲಿಯೂ ಕ್ರೋಶಾದ ಬಾಗಿಲ ತೋರಣ, ಮೇಜಿನ ಹಾಸು, ಕುಲಾವಿಗಳು ಮದುವೆ, ಬಾಣಂತನಗಳ ಸಂದರ್ಭದಲ್ಲಿ ಕೈಯಿಂದ ಕೈಗೆ ಸಾಗಿವೆ. ಇಂಥ ಕೊಡುಗೆಯನ್ನು ಕೂಲಿಯ ತಕ್ಕಡಿಯಲ್ಲಿ ತೂಗುವುದು ಅನುಚಿತ.

೬

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಕಾಣಿಕೆಗೂ ಕೂಲಿಗೂ ಇರುವ ಭೇದ ಹೆಣಿಗೆಯಲ್ಲಿಲ್ಲ. ವಸ್ತುವಿನ ಅಂದದಲ್ಲಿಯೂ ಇಲ್ಲ. ಮಾಡುವವಳಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಇದೆಯೋ ಇಲ್ಲವೋ ಎಂಬುದರಲ್ಲಿ ಇದೆ. ಆ ಸ್ವಾತಂತ್ರ್ಯವಿದ್ದಲ್ಲಿ ಹತ್ತು ಗಂಟೆಯ ದುಡಿಮೆಯನ್ನು ಬೆಲೆಯಿಲ್ಲದೆ ಕೊಡುವುದು ಔದಾರ್ಯ. ಅದಿಲ್ಲದೆಡೆ ಅದೇ ದುಡಿಮೆಯನ್ನು ಬಿಡುವಿನ ಹವ್ಯಾಸವೆಂದು ಹೊಗಳುವುದು ಕೂಲಿಯನ್ನು ಕಡಿತಗೊಳಿಸುವ ಉಪಾಯ. ಆದಕಾರಣ ಕುಟುಂಬದ ಪೆಟ್ಟಿಗೆಯಲ್ಲಾಗಲಿ ವಸ್ತುಸಂಗ್ರಹಾಲಯದಲ್ಲಾಗಲಿ ಕೈಹೆಣಿಗೆಯ ತುಂಡೊಂದು ಕಣ್ಣಿಗೆ ಬಿದ್ದಾಗ ಚರಿತ್ರೆಯ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಕೇಳಬೇಕು: ನೂಲು ಎಲ್ಲಿಂದ ಬಂದಿತು? ಬೆಲೆಯನ್ನು ಕಟ್ಟಿದವರು ಯಾರು? ಹಣ ಯಾರ ಕೈ ಸೇರಿತು? ಈ ಮೂರಕ್ಕೆ ಉತ್ತರ ದೊರೆತಾಗ, ಯಾವ ದಫ್ತರದಲ್ಲಿಯೂ ಹೆಸರಿಲ್ಲದ ಆ ಹೆಂಗಸಿನ ದಿನಚರಿಯ ಒಂದು ಪುಟವಾದರೂ ನಮಗೆ ಓದಲು ಸಿಕ್ಕೀತು.