ತರಬೇತಿಯ ಖರ್ಚು ಯಾರ ಲೆಕ್ಕಕ್ಕೆ?

ಹೆಜಮಾಡಿಯಿಂದ ಶಾಂಭವಿ ಹೊಳೆ ದಾಟಿದರೆ ಮೂಲ್ಕಿ, ವಿಜಯ ಬ್ಯಾಂಕನ್ನು ಬೆಳೆಸಿದ ಸುಂದರರಾಮ ಶೆಟ್ಟರ ಊರು. ಬಡಗು ದಿಕ್ಕಿಗೆ ಹೊರಟರೆ ಉಡುಪಿ, ಮಣಿಪಾಲ. ನೌಕರರಿಗೆ ಕಲಿಸುವುದೇ ಒಂದು ನೌಕರಿಯಾದ ಕತೆಗೆ ಈ ಕರಾವಳಿಯಷ್ಟು ಒಳ್ಳೆಯ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ಮೊದಲು ಪಾಠವೆಂಬುದೇ ಪ್ರತ್ಯೇಕವಾಗಿರಲಿಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯಾಗಲಿ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಆಗಲಿ, ಹೊಸಬ ಹಳಬರ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದ. ಆ ಬ್ಯಾಂಕಿನ 1928ರ ಪಿಗ್ಮಿ ಉಳಿತಾಯ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕೇಳಿಕೊಂಡು ಮನೆಮನೆ ಸುತ್ತಿದ ಏಜೆಂಟರಿಗೆ ಗಿರಾಕಿಯ ಜಗಲಿಯೇ ತರಗತಿ.

1969ರ ರಾಷ್ಟ್ರೀಕರಣದ ಬಳಿಕ ಶಾಖೆಗಳು ಹಳ್ಳಿಹಳ್ಳಿಗೆ ಹೋದವು. ಆ ವೇಗಕ್ಕೆ ಪಕ್ಕದಲ್ಲಿ ನಿಂತು ಕಲಿಯುವ ಪದ್ಧತಿ ಸಾಲಲಿಲ್ಲ. ಬ್ಯಾಂಕುಗಳ ತರಬೇತಿ ಕಾಲೇಜುಗಳು ಬೆಳೆದವು, ಮಣಿಪಾಲದಲ್ಲೂ ಸಿಂಡಿಕೇಟ್ ಬ್ಯಾಂಕಿನದ್ದಿತ್ತು. ಪಾಠ ಹೇಳುವವರು ಶಾಖೆಯಿಂದಲೇ ಬಂದ ಅಧಿಕಾರಿಗಳು. ಅಲ್ಲಿಗೆ ವರ್ಗವಾದವನನ್ನು ‘ಮೂಲೆಗೆ ಹಾಕಿದರು’ ಎಂದು ಸಹೋದ್ಯೋಗಿಗಳು ಮರುಗುತ್ತಿದ್ದುದೂ ಉಂಟು! ಎಪ್ಪತ್ತರ ದಶಕದ ನಡುವೆ ನಿರ್ವಹಣಾ ತಜ್ಞರಾದ ಉದಯ್ ಪರೀಕ್ ಮತ್ತು ಟಿ.ವಿ. ರಾವ್ ಲಾರ್ಸನ್ ಆ್ಯಂಡ್ ಟೂಬ್ರೊಗೆ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆ ರೂಪಿಸಿಕೊಟ್ಟ ಮೇಲೆ ಈ ಕೆಲಸಕ್ಕೆ ತನ್ನದೇ ಕುರ್ಚಿ ಬಂತು.

ಆಮೇಲೆ ಬಂದದ್ದು ಐಟಿ. 2005ರಲ್ಲಿ ಮೈಸೂರಿನಲ್ಲಿ ತೆರೆದ ಇನ್ಫೋಸಿಸ್ ಕೇಂದ್ರ ಹೊಸ ಎಂಜಿನಿಯರುಗಳಿಗೆ ಸಂಬಳ ಕೊಟ್ಟು ತಿಂಗಳುಗಟ್ಟಲೆ ಕಲಿಸಿತು. ಐಸಿಐಸಿಐ ಬ್ಯಾಂಕ್ ಮತ್ತು ಮಣಿಪಾಲ ಸಮೂಹ ಸೇರಿ ಬೆಂಗಳೂರಿನಲ್ಲಿ ನಡೆಸಿದ ಅಕಾಡೆಮಿಯದು ಇನ್ನೊಂದು ದಾರಿ: ಅಭ್ಯರ್ಥಿಯೇ ಶುಲ್ಕ ಕಟ್ಟಿ ಕಲಿತು ಬ್ಯಾಂಕಿಗೆ ಸೇರುವುದು. ಕಟ್ಟಡಕ್ಕಿಂತ, ಕಂಪ್ಯೂಟರಿಗಿಂತ ಈ ಕ್ಷೇತ್ರದ ದೊಡ್ಡ ಬದಲಾವಣೆ ಇದೇ ಎಂದು ನನ್ನ ಎಣಿಕೆ. ಮಾಲೀಕನ ಲೆಕ್ಕದಲ್ಲಿದ್ದ ತರಬೇತಿಯ ಖರ್ಚು ಮೆಲ್ಲಗೆ ಅಪ್ಪನ ಸಾಲದ ಪುಸ್ತಕಕ್ಕೆ ಸರಿಯಿತು.

ಈಗ ಈ ವೃತ್ತಿಗೆ ಬರುವವರು ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಪಾಠ ಹೊಂದಿಸುತ್ತಾರೆ: ಯಾರಿಗೆ ಏನು ಗೊತ್ತಿಲ್ಲ ಎಂದು ಹುಡುಕುವುದು, ಆನ್‌ಲೈನ್ ಕೋರ್ಸ್ ಕಟ್ಟುವುದು, ಮುಗಿಸದವರಿಗೆ ಮೇಲ್ ಮೇಲೆ ಮೇಲ್ ಕಳಿಸುವುದು. ತರಬೇತಿಯ ಫಲವನ್ನು ನಾಲ್ಕು ಹಂತದಲ್ಲಿ ಅಳೆಯಬೇಕೆಂದು ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದರು: ಮೆಚ್ಚಿಕೊಂಡರೇ, ಕಲಿತರೇ, ಕೆಲಸದ ರೀತಿ ಬದಲಾಯಿತೇ, ಸಂಸ್ಥೆಗೆ ಲಾಭವಾಯಿತೇ. ಹೆಚ್ಚಿನ ಕಂಪನಿಗಳು ಮೊದಲನೆಯದರಲ್ಲೇ, ಊಟದ ನಂತರ ತುಂಬಿಸುವ ಫೀಡ್‌ಬ್ಯಾಕ್ ಹಾಳೆಯಲ್ಲೇ, ನಿಲ್ಲುತ್ತವೆ.

ಮುಂದಿನ ಹಂತವನ್ನು ಗಂಭೀರವಾಗಿ ತೆಗೆದುಕೊಂಡದ್ದು ಉಜಿರೆ. ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ನಿರುದ್ಯೋಗಿಗಳಿಗೆ ಉಚಿತವಾಗಿ ಸ್ವಉದ್ಯೋಗ ಕಲಿಸಿತು. ಅದೇ ಮಾದರಿ ಮುಂದೆ ಆರ್‌ಸೆಟಿ ಎಂಬ ಹೆಸರಿನಲ್ಲಿ ದೇಶದ ಜಿಲ್ಲೆಜಿಲ್ಲೆಗೂ ಹೋಯಿತು. ತರಬೇತಿ ಮುಗಿದ ಮೇಲೂ ಎರಡು ವರ್ಷ ಕಲಿತವರ ಬೆನ್ನಿಗಿದ್ದು ವಿಚಾರಿಸುವುದು ಅಲ್ಲಿನ ಕ್ರಮ. ಕಂಪನಿಗಳ ತರಬೇತಿ ಬಜೆಟ್ಟಿನಲ್ಲಿ ಹಾಗೆ ಹೋಗಿ ನೋಡಿಬರುವ ಕೆಲಸಕ್ಕೆ ಕಾಲಂ ಇರುವುದು ಅಪರೂಪ.