ಲುಕ್ಮಾನನ ಬುದ್ಧಿಮಾತು ದಂಡಿಗೆ ಬಂದ ಬಗೆ

ಕುರ್‌ಆನಿನ 31ನೇ ಅಧ್ಯಾಯಕ್ಕೆ ಲುಕ್ಮಾನನ ಹೆಸರಿದೆ. ಮಕ್ಕಾ ಕಾಲದ ಈ ಅಧ್ಯಾಯದ 34 ಸೂಕ್ತಗಳಲ್ಲಿ 12ರಿಂದ 19ರವರೆಗಿನ ಭಾಗ ಆತನದೂ ಆತ ಮಗನಿಗೆ ಹೇಳಿದ ಬುದ್ಧಿಮಾತಿನದೂ ಆಗಿದೆ. ಲುಕ್ಮಾನ್ ಪ್ರವಾದಿಯಲ್ಲ, ಜ್ಞಾನಿ ಎಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಹಳೆಯ ವ್ಯಾಖ್ಯಾನಕಾರರು ಆತನನ್ನು ಆಫ್ರಿಕಾ ಮೂಲದ ಗುಲಾಮ ಎನ್ನುತ್ತಾರೆ. ಕಸುಬಿನ ವಿಷಯದಲ್ಲಿ ಮಾತ್ರ ಬಡಗಿ, ದರ್ಜಿ, ಕುರಿಗಾಹಿ ಎಂದು ಒಬ್ಬೊಬ್ಬರದು ಒಂದೊಂದು ಮಾತು. ಅವರು ಹೇಳುವ ಕಥೆಯೊಂದರಲ್ಲಿ ಒಡೆಯ ಕುರಿ ಕೊಯ್ಯಿಸಿ, ಅದರ ಅತ್ಯುತ್ತಮ ಭಾಗಗಳನ್ನು ತರಲು ಹೇಳುತ್ತಾನೆ. ಲುಕ್ಮಾನ್ ನಾಲಿಗೆಯನ್ನೂ ಹೃದಯವನ್ನೂ ತರುತ್ತಾನೆ. ಇನ್ನೊಂದು ಕುರಿಯ ಅತ್ಯಂತ ಕೆಟ್ಟ ಭಾಗಗಳನ್ನು ಕೇಳಿದಾಗಲೂ ಅವೆರಡನ್ನೇ ತಂದಿಡುತ್ತಾನೆ.

ಉಪದೇಶ ಶುರುವಾಗುವುದು ದೇವರಿಗೆ ಸಹಭಾಗಿಗಳನ್ನು ಕಲ್ಪಿಸಬೇಡ ಎಂಬ ಎಚ್ಚರಿಕೆಯಿಂದ. ಆಮೇಲೆ ತಂದೆಯ ಮಾತು ಅರ್ಧಕ್ಕೆ ನಿಲ್ಲುತ್ತದೆ. ತಂದೆತಾಯಿಯ ಋಣದ ವಿಷಯವನ್ನು ದೇವರೇ ಎತ್ತಿಕೊಳ್ಳುತ್ತಾನೆ, ಅದರಲ್ಲೂ ಬಸಿರು ಹೊತ್ತು ಎರಡು ವರ್ಷ ಹಾಲೂಡಿಸುವ ತಾಯಿಯ ಬಳಲಿಕೆಯನ್ನು. ತನ್ನ ಹಕ್ಕನ್ನು ತಂದೆ ತಾನೇ ಕೇಳಿಕೊಳ್ಳುವುದಿಲ್ಲ. ಇಡೀ ಭಾಗದ ಸೊಗಸು ಇರುವುದು ಇಲ್ಲೇ. ಹೆತ್ತವರು ಬಹುದೇವಾರಾಧನೆಗೆ ಒತ್ತಾಯಿಸಿದರೆ ಒಪ್ಪಬೇಕಿಲ್ಲ, ಆದರೂ ಲೋಕದ ಬಾಳಿನಲ್ಲಿ ಅವರೊಂದಿಗೆ ಚೆನ್ನಾಗಿ ನಡೆದುಕೊಳ್ಳಬೇಕು ಎಂಬ ಷರತ್ತೂ ಅಲ್ಲೇ ಬರುತ್ತದೆ. ಮುಂದೆ ಮತ್ತೆ ತಂದೆಯ ದನಿ: ಸಾಸಿವೆ ಕಾಳಿನಷ್ಟು ಕೃತ್ಯ ಬಂಡೆಯೊಳಗೆ ಅಡಗಿದ್ದರೂ ದೇವರು ಅದನ್ನು ಹೊರತರುತ್ತಾನೆ. ನಮಾಝ್, ಒಳಿತಿನ ಬೋಧೆ, ಕೆಡುಕಿನ ತಡೆ, ಸಹನೆ. ಕೊನೆಗೆ ಜನರನ್ನು ಕಂಡು ಮುಖ ತಿರುಗಿಸಬೇಡ, ಬೀಗುತ್ತ ನಡೆಯಬೇಡ, ದನಿ ತಗ್ಗಿಸು. ಏರುದನಿಗೆ ಕೊಟ್ಟ ಉದಾಹರಣೆ ಕತ್ತೆಯದು. ಮಕ್ಕಳು ಮರೆಯದ ಸಾಲು ಇದೇ ಇರಬೇಕು.

ಈ ಬುದ್ಧಿಮಾತು ಬೆಂಗಳೂರಿನ ದಂಡಿನ ಮಕ್ಕಳಿಗೆ ತಲುಪಿದ್ದು ಮಕ್ತಬಿನ ಹಾದಿಯಲ್ಲಿ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಪಡೆಗಳನ್ನು ಬೆಂಗಳೂರಿಗೆ ತಂದು ದಂಡು, ಅಂದರೆ ಸೇನಾ ನೆಲೆ, ಕಟ್ಟಿದರು. ಅದರ ಸುತ್ತ ಬೆಳೆದ ಮುಸ್ಲಿಂ ಕೇರಿಗಳ ಮುಖ್ಯ ಮನೆಮಾತು ದಖನಿ ಉರ್ದು. ದಕ್ಷಿಣದ ಮುಸ್ಲಿಮರ ಆಚಾರಗಳನ್ನು ಜಾಫರ್ ಶರೀಫ್ ಬರೆದಿಟ್ಟ ‘ಕಾನೂನ್-ಎ-ಇಸ್ಲಾಂ’ 1832ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂತು. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ನಡೆಸುವ ಬಿಸ್ಮಿಲ್ಲಾ ಶಾಸ್ತ್ರದ ವಿವರ ಅದರಲ್ಲಿದೆ. ಹೊಸ ಬಟ್ಟೆ ತೊಟ್ಟ ಮಗುವಿನ ಬಾಯಲ್ಲಿ ಉಸ್ತಾದರು ಬಿಸ್ಮಿಲ್ಲಾ ಹೇಳಿಸುತ್ತಾರೆ, ಸಿಹಿ ಹಂಚುತ್ತಾರೆ. ಅಲ್ಲಿಂದ ಮಗು ಮಸೀದಿಯ ಮಕ್ತಬಿಗೆ, ಅಂದರೆ ಪಾಠಶಾಲೆಗೆ. ಅಲ್ಲಿ ಮೊದಲು ಅಕ್ಷರ, ಆಮೇಲೆ ಅರ್ಥ ತಿಳಿಯದೆ ಓದುವ ನಾಝಿರಾ. ಹೀಗಾಗಿ ಲುಕ್ಮಾನನ ಮಾತು ಮಗುವಿನ ನಾಲಿಗೆಗೆ ಅರಬಿಯಲ್ಲಿ ಬಂದರೂ ಬುದ್ಧಿಗೆ ಹತ್ತುತ್ತಿದ್ದುದು ಹಿರಿಯರು ಉರ್ದುವಿನಲ್ಲಿ ಹೇಳಿದಾಗ. ದಿಲ್ಲಿಯ ಶಾ ಅಬ್ದುಲ್ ಖಾದಿರರ ಕುರ್‌ಆನಿನ ಉರ್ದು ಅನುವಾದ 18ನೇ ಶತಮಾನದ ಕೊನೆಯಲ್ಲೇ ಸಿದ್ಧವಾಗಿತ್ತು.

1960ರಲ್ಲಿ ಮೌಲಾನಾ ಅಬುಸ್ಸವೂದ್ ಅಹ್ಮದ್ ಬೆಂಗಳೂರಿನ ನಾಗವಾರದ ಕಡೆ ದಾರುಲ್ ಉಲೂಮ್ ಸಬೀಲುರ್ರಶಾದ್ ಎಂಬ ಧಾರ್ಮಿಕ ವಿದ್ಯಾಲಯ ಸ್ಥಾಪಿಸಿದರು. ಅಲ್ಲಿನ ಅಂಚೆ ಕಚೇರಿಗೇ ಅರೇಬಿಕ್ ಕಾಲೇಜು ಎಂಬ ಹೆಸರು ಬಿತ್ತು. ಇಂಥ ವಿದ್ಯಾಲಯಗಳಲ್ಲಿ ಕಂಠಪಾಠದ ಜೊತೆಗೆ ತಫ್ಸೀರ್, ಅಂದರೆ ವ್ಯಾಖ್ಯಾನವೂ ಪಾಠವಾಗಿ, ಕತ್ತೆಯ ಕೂಗಿಗೂ ಸಾಸಿವೆ ಕಾಳಿಗೂ ಪಂಡಿತರ ವಿವರಣೆ ಸಿಗುತ್ತದೆ.

ಕನ್ನಡದಲ್ಲಿ ಈ ಮಾತು ಅಚ್ಚಾದದ್ದು ತಡವಾಗಿ. ಮಂಗಳೂರಿನ ಶಾಂತಿ ಪ್ರಕಾಶನ ಕುರ್‌ಆನಿನ ಕನ್ನಡ ಅನುವಾದ ಪ್ರಕಟಿಸಿತು. ಅಬ್ದುಸ್ಸಲಾಮ್ ಪುತ್ತಿಗೆ ಅವರದು ಇನ್ನೊಂದು ಅನುವಾದ. ಉರ್ದು ಲಿಪಿ ಬಾರದ ತಂದೆಯೂ ಈಗ ಆ ಎಂಟು ಸೂಕ್ತಗಳನ್ನು ಮಕ್ಕಳಿಗೆ ಕನ್ನಡದಲ್ಲೇ ಓದಿ ಹೇಳಬಹುದು.