ಮಠದೊಳಗಿನ ರೋಗಿಯ ಕೋಣೆ

ಆಲೂರು, ಸಕಲೇಶಪುರ ಕಡೆಯ ಹಿರಿಯರಿಗೆ ಹಾಸನದ ಮಿಷನ್ ಆಸ್ಪತ್ರೆ ಚಿರಪರಿಚಿತ. 20ನೇ ಶತಮಾನದ ಆರಂಭದಲ್ಲಿ ವೆಸ್ಲಿಯನ್ ಮಿಷನರಿಗಳು ಕಟ್ಟಿದ ರೆಡ್‌ಫರ್ನ್ ಆಸ್ಪತ್ರೆ ಅದು. ಧರ್ಮಸಂಸ್ಥೆಗಳು ರೋಗಿಗಳ ಆರೈಕೆಗೆ ಇಳಿದದ್ದು ಆಗಿನಿಂದಲೇ ಎಂದು ನಮ್ಮ ವಿದ್ಯಾರ್ಥಿಗಳು ತಿಳಿಯಬಾರದು. ಈ ಪರಂಪರೆ ಬಹಳ ಹಳೆಯದು, ಒಂದೇ ಧರ್ಮದ ಸೊತ್ತೂ ಅಲ್ಲ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಸಂನ್ಯಾಸಿಗಳಿಗೆ ಬರೆದ ನಿಯಮಾವಳಿಯ 36ನೇ ಅಧ್ಯಾಯ ಪೂರ್ತಿ ರೋಗಿಗಳ ಕುರಿತದ್ದು. ರೋಗಿಯ ಸೇವೆಯನ್ನು ಕ್ರಿಸ್ತನ ಸೇವೆಯೆಂದೇ ಭಾವಿಸಬೇಕು. ಅವನಿಗೆ ಪ್ರತ್ಯೇಕ ಕೋಣೆ, ದೈವಭಯವುಳ್ಳ ಪರಿಚಾರಕ, ಬೇಕಾದಾಗಲೆಲ್ಲ ಸ್ನಾನ ಇರಬೇಕು. ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ಉಳಿದ ಸಂನ್ಯಾಸಿಗಳಿಗೆ ವರ್ಜ್ಯ. ತೀರಾ ನಿತ್ರಾಣರಾದವರಿಗೆ ಮಾತ್ರ ಚೇತರಿಸಿಕೊಳ್ಳುವ ತನಕ ಅನುಮತಿ. ರೋಗಿಗೂ ಒಂದು ಎಚ್ಚರಿಕೆಯಿದೆ: ಅತಿಯಾದ ಬೇಡಿಕೆಗಳಿಂದ ಶುಶ್ರೂಷಕರನ್ನು ಗೋಳುಹೊಯ್ದುಕೊಳ್ಳಬಾರದು! ಆಸ್ಪತ್ರೆಯಲ್ಲಿ ನೆಂಟರನ್ನು ನೋಡಿಕೊಂಡವರಿಗೆ ಇದು ಬೇಗ ಅರ್ಥವಾದೀತು. ರೋಗಿಯನ್ನು ಕಾಣಲು ಹೋದವನು ಆತನ ಬಳಿ ಅಲ್ಲಾಹನನ್ನು ಕಾಣುತ್ತಿದ್ದನು ಎಂಬರ್ಥದ ಹದೀಸ್ ಖುದ್ಸಿ ಸಹೀಹ್ ಮುಸ್ಲಿಂ ಸಂಗ್ರಹದಲ್ಲಿರುವುದು ಇಲ್ಲಿ ನೆನಪಾಗುತ್ತದೆ.

9ನೇ ಶತಮಾನದ ಸೇಂಟ್ ಗಾಲ್ ಮಠದ ನಕ್ಷೆ ಇಂದಿಗೂ ಉಳಿದಿದೆ. ಅದರಲ್ಲಿ ರೋಗಿಗಳ ಕಟ್ಟಡ, ವೈದ್ಯರ ಮನೆ, ಔಷಧಿ ಸಸ್ಯಗಳ ತೋಟ ಒತ್ತೊತ್ತಾಗಿವೆ. ಆದರೆ ಆ ಏರ್ಪಾಡು ಮುಖ್ಯವಾಗಿ ಮಠದವರಿಗೇ. ಬಡ ಯಾತ್ರಿಕರಿಗೆ ಬೇರೆ ಛತ್ರ.

ನಮ್ಮ ನಾಡಿನ ಕೋಡಿಯ ಮಠ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಎಂದು ನನಗೆ ತೋರುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕಾಳಾಮುಖ ಶೈವರ ಮಠವದು. ಕಲಚೂರಿ ಬಿಜ್ಜಳನ ಕಾಲದ, 1162ರ ಶಾಸನ ಅದನ್ನು ವೇದ, ವ್ಯಾಕರಣ, ದರ್ಶನಗಳ ಕಲಿಕೆಯ ಸ್ಥಾನವೆಂದು ಹೊಗಳುತ್ತದೆ. ಜೊತೆಗೇ ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿಕ್ಕುವ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ಹೇಳುತ್ತದೆ. ಪಾಠಶಾಲೆ, ಅಡುಗೆಮನೆ, ಔಷಧ ಮೂರೂ ಒಂದೇ ಆವರಣದಲ್ಲಿ!

ಇಂಥ ಕೆಲಸ ಬರಿಯ ಕರುಣೆಯಿಂದ ನಡೆಯುವುದಿಲ್ಲ, ಆದಾಯ ಬೇಕು. ಬಳ್ಳಿಗಾವೆಯ ಮಠಕ್ಕೆ ಭೂದತ್ತಿಗಳಿದ್ದವು. ಬೀದರಿನಲ್ಲಿ ಬಹಮನಿ ಸುಲ್ತಾನ ಎರಡನೇ ಅಲ್ಲಾವುದ್ದೀನ್ ಅಹ್ಮದ್ ಷಾ (1436–1458) ಆಸ್ಪತ್ರೆ ಕಟ್ಟಿಸಿ, ರೋಗಿಗಳ ಆಹಾರ ಮತ್ತು ಔಷಧದ ಖರ್ಚಿಗೆ ಹಳ್ಳಿಗಳ ಉತ್ಪತ್ತಿಯನ್ನೇ ಬಿಟ್ಟುಕೊಟ್ಟನು. ಅಲ್ಲಿ ಮುಸ್ಲಿಂ ಹಕೀಮರೂ ಹಿಂದೂ ವೈದ್ಯರೂ ಒಟ್ಟಿಗೆ ನೇಮಕಗೊಂಡಿದ್ದರೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ.